ಉಕ್ಕಿನ ಹೊಲಿಗೆ

ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ನೂರು ವರ್ಷ ದಾಟಿದ ಶಾಲೆಗಳು, ಚರ್ಚುಗಳು, ಗಿರಣಿಗಳು ಬೇಕಾದಷ್ಟಿವೆ. ಅವುಗಳ ನೆಲಮಾಳಿಗೆಗೆ ಇಳಿದರೆ ಕೆಲವೆಡೆ ಹಳೆಯ ಬಾಯ್ಲರ್ ಇನ್ನೂ ಉಳಿದಿರುತ್ತದೆ. ಇಟ್ಟಿಗೆ ಗೋಡೆಗಳ ನಡುವೆ ಅಡ್ಡಕ್ಕೆ ಮಲಗಿದ ಉಕ್ಕಿನ ಸಿಲಿಂಡರ್, ಮುಂದೆ ಎರಕದ ಕಬ್ಬಿಣದ ಬಾಗಿಲು, ಕೆಳಗೆ ಬೂದಿ ಎಳೆಯುವ ಗೂಡು. ಒಲೆ ಆರಿ ಎಷ್ಟೋ ಕಾಲವಾಗಿರುತ್ತದೆ. ಹೊರಗೆ ಸಾಗಿಸುವಷ್ಟು ಅಗಲದ ದಾರಿ ಇಲ್ಲವೆಂಬ ಕಾರಣಕ್ಕೇ ಉಳಿದುಕೊಂಡವೂ ಉಂಟು.

ಇದು ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಪತ್ತೆ ಹಚ್ಚಲು ಹೊರಟವರು ಮೊದಲು ಹುಡುಕುವುದು ಹೆಸರನ್ನು. ಬಾಗಿಲ ಮೇಲಿನ ಉಬ್ಬಕ್ಷರಗಳು ಮಸಿಯಲ್ಲಿ ಮುಚ್ಚಿಹೋಗಿದ್ದರೆ ಸೀಮೆಸುಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ಸಾಕು, ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. (ಮೈಗೆ ಮೆತ್ತಿದ ಬಿಳಿ ಗಾರೆಯಂಥದ್ದನ್ನು ಮಾತ್ರ ಕೆದಕಬಾರದು. ಅದು ಬಹುಮಟ್ಟಿಗೆ ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ವಿಷ.) ಆದರೆ ಹೆಸರೊಂದರಿಂದಲೇ ಎಲ್ಲ ತಿಳಿಯುವುದಿಲ್ಲ. ಬಾಗಿಲು ಒಂದು ಫೌಂಡ್ರಿಯದು, ಸಿಲಿಂಡರ್ ಇನ್ನೊಂದು ಕಾರ್ಖಾನೆಯದು ಆಗಿರಬಹುದು. ನನ್ನನ್ನು ಬೆರಗಾಗಿಸುವುದು ಹೆಸರಲ್ಲ, ಬಾಯ್ಲರಿನ ಹೊಲಿಗೆ.

ಉಕ್ಕಿನ ತಗಡನ್ನು ಸುರುಳಿ ಸುತ್ತಿದಾಗ ಎರಡು ಅಂಚುಗಳು ಎಲ್ಲೋ ಒಂದು ಕಡೆ ಕೂಡಲೇಬೇಕು. ಹಳಬರು ಒಂದು ಅಂಚಿನ ಮೇಲೆ ಇನ್ನೊಂದನ್ನು ಹೇರಿ ರಿವೆಟ್ ಹೊಡೆಯುತ್ತಿದ್ದರು. ನಂತರದವರು ಅಂಚುಗಳನ್ನು ಎದುರುಬದುರು ತಾಗಿಸಿ, ಒಳಗೂ ಹೊರಗೂ ಪಟ್ಟಿ ಕೊಟ್ಟು ರಿವೆಟ್ ಹೊಡೆದರು. ಆಮೇಲೆ ವೆಲ್ಡಿಂಗ್ ಬಂತು. ಟಾರ್ಚ್ ಬೆಳಕಿನಲ್ಲಿ ಆ ಗೆರೆಯನ್ನು ನೋಡಿದರೆ ಬಾಯ್ಲರಿನ ವಯಸ್ಸು ಅಂದಾಜಿಗೆ ಸಿಗುತ್ತದೆ.

ಹೊಲಿಗೆ ಬದಲಾದದ್ದು ಸುಮ್ಮನೆ ಅಲ್ಲ. ಅಂಚು ಹೇರಿದ ಕಡೆ ಸಿಲಿಂಡರ್ ಪೂರ್ತಿ ದುಂಡಗಿರುವುದಿಲ್ಲ. ಆವಿಯ ಒತ್ತಡ ಏರಿದಾಗ ಅದು ದುಂಡಗಾಗಲು ನೋಡುತ್ತದೆ, ಇಳಿದಾಗ ಮೊದಲಿನಂತಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಹಾಗೆ, ವರ್ಷಗಟ್ಟಲೆ ಹೀಗೇ ನಡೆದು ಅಲ್ಲೊಂದು ಬಿರುಕು ಹುಟ್ಟುತ್ತದೆ. ಅದು ಹುಟ್ಟುವುದು ಎರಡು ತಗಡುಗಳ ನಡುವೆ. ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಕಾಣದು.

ಮಸಾಚುಸೆಟ್ಸ್‌ನ ಬ್ರಾಕ್ಟನ್‌ನಲ್ಲಿ 1905ರ ಮಾರ್ಚ್ 20ರ ಬೆಳಿಗ್ಗೆ ಗ್ರೋವರ್ ಶೂ ಕಾರ್ಖಾನೆಯ ಬಾಯ್ಲರ್ ಸಿಡಿಯಿತು. ಹೊಸ ಬಾಯ್ಲರಿಗೆ ಬಿಡುವು ಕೊಟ್ಟು ಹಳೆಯದನ್ನು ಉರಿಸುತ್ತಿದ್ದ ದಿನ ಅದು. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗಿಂತ ಹೆಚ್ಚು ಕಾದಿರುತ್ತದೆ. ಮೈ ಹರಿದೊಡನೆ ಅದರಲ್ಲೊಂದು ಪಾಲು ಒಮ್ಮೆಗೇ ಆವಿಯಾಗುತ್ತದೆ. ಆವಿಗೆ ಬೇಕಾದ ಜಾಗವೋ ನೀರಿನದಕ್ಕಿಂತ ಸುಮಾರು 1,600 ಪಟ್ಟು. ಬಾಯ್ಲರ್ ಛಾವಣಿಯನ್ನು ಸೀಳಿಕೊಂಡು ಹೊರಗೆ ಹಾರಿತು. ನಾಲ್ಕು ಅಂತಸ್ತಿನ ಮರದ ಕಟ್ಟಡ ಕುಸಿದು ಹತ್ತಿಕೊಂಡು ಉರಿಯಿತು. 58 ಮಂದಿ ಸತ್ತರು. ಕಾರಣ, ಹೊಲಿಗೆಯೊಳಗೆ ಅಡಗಿದ್ದ ಬಿರುಕು.

ಈ ದುರಂತದ ಬಳಿಕ, 1907ರಲ್ಲಿ, ಮಸಾಚುಸೆಟ್ಸ್ ಬಾಯ್ಲರ್ ಕಾಯಿದೆ ಮಾಡಿತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಬಾಯ್ಲರ್ ಸಂಹಿತೆ 1914ರದು. ನಮ್ಮಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಬಾಯ್ಲರ್ ಕಾಯಿದೆ ಬಂದದ್ದು 1923ರಲ್ಲಿ. ಹಾಗಾಗಿ ಬಾಯ್ಲರಿನ ಕಾಲ ಗುರುತಿಸುವುದೆಂದರೆ, ಅದನ್ನು ಮಾಡುವ ಹೊತ್ತಿಗೆ ಮನುಷ್ಯರು ಎಷ್ಟು ಸಾವು ಕಂಡು ಎಷ್ಟು ಎಚ್ಚರ ಕಲಿತಿದ್ದರು ಎಂದು ಗುರುತಿಸಿದಂತೆ. ಒಂದು ಕಬ್ಬಿಣದ ಪಟ್ಟಿ ಇದನ್ನೆಲ್ಲ ಹೇಳಬಲ್ಲದು ಎಂಬುದು ನನಗೆ ಇವತ್ತಿಗೂ ವಿಸ್ಮಯ.

ರಿವೆಟ್ಟಿನ ಒಂದೊಂದು ಗುಂಡುತಲೆಯ ಹಿಂದೆಯೂ ಜನರಿದ್ದಾರೆ. ಕೈಯಿಂದ ಹೊಡೆಯುತ್ತಿದ್ದ ಕಾಲದಲ್ಲಿ ಕೆಂಪಗೆ ಕಾದ ರಿವೆಟ್ಟನ್ನು ಹೊರಗಿನವರು ಸುತ್ತಿಗೆಯಿಂದ ಬಡಿಯುವಾಗ ಒಬ್ಬ ಒಳಗೆ ಕುಳಿತು ಅದನ್ನು ಒತ್ತಿ ಹಿಡಿಯಬೇಕಿತ್ತು. ಆ ಸದ್ದಿನಲ್ಲಿ ದಿನವಿಡೀ ಕೂತವನ ಕಿವಿ ಏನಾದೀತು? 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷಿಸಿದಾಗ ಸರಿಯಾಗಿ ಕೇಳಿಸುವವನು ಒಬ್ಬನೂ ಸಿಗಲಿಲ್ಲ. ರಿವೆಟ್ ಸಾಲಿನ ಮೇಲೆ ಬೆರಳಾಡಿಸುವಾಗ ನನಗೆ ಆಗುವ ಬೆರಗಿನಲ್ಲಿ ನೋವೂ ಸೇರಿರುತ್ತದೆ. ಅವೆರಡನ್ನು ಬೇರ್ಪಡಿಸಬೇಕೆಂದು ನನಗೆ ಅನ್ನಿಸಿಲ್ಲ.

ಹಳೆಯ ಕಟ್ಟಡ ದುರಸ್ತಿ ಮಾಡಿಸುವವರು ಅಂದವಾದ ಬಾಗಿಲನ್ನು ಎತ್ತಿಟ್ಟು ಉಳಿದ ಮೈಯನ್ನು ಗುಜರಿಗೆ ಹಾಕಿಬಿಡುವುದುಂಟು. ನನ್ನನ್ನು ಕೇಳಿದರೆ ಹೊಲಿಗೆಯ ಒಂದು ಮೊಳದ ತುಂಡನ್ನೂ ಉಳಿಸಬೇಕು, ಅದನ್ನು ಅಡ್ಡಕ್ಕೆ ಕೊಯ್ದು ಬಾಗಿಲ ಪಕ್ಕದಲ್ಲೇ ಇಡಬೇಕು. ಬ್ರಾಕ್ಟನ್‌ನಲ್ಲಿ ಯಾವ ತಪಾಸಣೆಗೂ ಸಿಗದೇ ಹೋದ ಜಾಗ ಎಂಥದ್ದೆಂಬುದು ಆಗ ನೋಡಬಂದ ಶಾಲೆಯ ಮಕ್ಕಳಿಗೂ ಕಾಣುತ್ತದೆ.