ಕಣ್ಣಾರೆ ಕಂಡದ್ದೂ ಸತ್ಯವೂ

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂದು ಕೇಳಿದವರು ನಮ್ಮ ಹಿರಿಯರು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಎಚ್ಚರಿಸಿದವರೂ ಅವರೇ. ಈ ಎರಡು ಮಾತುಗಳು ಮುಖಾಮುಖಿಯಾಗುವ ಸ್ಥಳವೆಂದರೆ ಕೊಲೆ ಮೊಕದ್ದಮೆ ನಡೆಯುವ ನ್ಯಾಯಾಲಯ. ‘ಇವನೇ ಕೊಂದವನು, ನಾನು ಕಣ್ಣಾರೆ ಕಂಡೆ’ ಎನ್ನುತ್ತಾನೆ ಸಾಕ್ಷಿ. ‘ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ’ ಎನ್ನುತ್ತಾನೆ ಆರೋಪಿ. ಈ ಎರಡನೆಯ ವಾದಕ್ಕೆ ಕಾನೂನಿನಲ್ಲಿ ‘ಅಲಿಬಿ’ ಎಂದು ಹೆಸರು; ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಬೇರೆಡೆ’ ಎಂದರ್ಥ. ಇಬ್ಬರಲ್ಲಿ ಯಾರನ್ನು ನಂಬಬೇಕು?

1908ರ ಡಿಸೆಂಬರ್ 21ರ ಸಂಜೆ ಏಳು ಗಂಟೆಯ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮೇರಿಯನ್ ಗಿಲ್‌ಕ್ರಿಸ್ಟ್ ಎಂಬ ಶ್ರೀಮಂತ ವೃದ್ಧೆ ತಮ್ಮ ಮನೆಯಲ್ಲೇ ಕೊಲೆಯಾದರು. ಪತ್ರಿಕೆ ತರಲು ಹೋಗಿದ್ದ ಮನೆಗೆಲಸದವಳು ಹತ್ತು ನಿಮಿಷಗಳಲ್ಲಿ ಮರಳಿದಾಗ, ಒಬ್ಬ ವ್ಯಕ್ತಿ ಒಳಗಿನಿಂದ ಬಂದು ಅವಳನ್ನೂ ಕೆಳಮನೆಯ ನೆರೆಯವನನ್ನೂ ಹಾದು ಹೊರಟುಹೋದ. ಬೀದಿಯಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಓಡುತ್ತಿದ್ದವನೊಬ್ಬನನ್ನು ಕಂಡಳು. ಎಲ್ಲವೂ ಕ್ಷಣಮಾತ್ರದ ನೋಟ. ದೃಷ್ಟಿದೋಷವಿದ್ದ ನೆರೆಯವನು ಆಗ ಕನ್ನಡಕವನ್ನೂ ಧರಿಸಿರಲಿಲ್ಲ.

ಸಂಶಯ ಬಿದ್ದದ್ದು ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿಯ ಮೇಲೆ. ಅವನು ಅಡವಿಟ್ಟಿದ್ದ ವಜ್ರದ ಒಡವೆ ಆ ವೃದ್ಧೆಯದಲ್ಲ ಎಂದು ತಿಳಿದ ಮೇಲೂ ಸಂಶಯ ಅಳಿಯಲಿಲ್ಲ. ಅಷ್ಟರಲ್ಲಿ ಅವನು ಅಮೆರಿಕಕ್ಕೆ ಹೊರಟಿದ್ದ. ಗುರುತು ಹಿಡಿಯಲೆಂದು ಮನೆಗೆಲಸದವಳನ್ನೂ ಆ ಹುಡುಗಿಯನ್ನೂ ಒಂದೇ ಹಡಗಿನ ಒಂದೇ ಕೋಣೆಯಲ್ಲಿ ನ್ಯೂಯಾರ್ಕಿಗೆ ಕಳುಹಿಸಲಾಯಿತು. ಗುರುತು ಹಿಡಿಯುವ ಮುನ್ನವೇ ಅವನ ಭಾವಚಿತ್ರವನ್ನು ಆ ಹುಡುಗಿಗೆ ತೋರಿಸಲಾಗಿತ್ತು. ಮೊದಲು ಪರಸ್ಪರ ಹೊಂದದಿದ್ದ ಅವರ ವರ್ಣನೆಗಳು ಕೊನೆಗೆ ಒಂದಾದವು. ಆ ಹೊತ್ತಿಗೆ ಸ್ಲೇಟರ್ ಮನೆಯಲ್ಲಿ ಊಟಕ್ಕೆ ಕುಳಿತಿದ್ದನೆಂದು ಅವನ ಸಂಗಾತಿಯೂ ಸೇವಕಿಯೂ ನುಡಿದರು. ಮನೆಯವರ ಆ ಮಾತಿಗೆ ಬೆಲೆ ಸಿಗಲಿಲ್ಲ. 1909ರ ಮೇ ತಿಂಗಳಲ್ಲಿ 15 ಮಂದಿ ಪಂಚರಲ್ಲಿ 9 ಮಂದಿ ಅವನನ್ನು ಅಪರಾಧಿ ಎಂದರು. ಗಲ್ಲಿಗೇರಿಸಲು ಎರಡೇ ದಿನಗಳಿರುವಾಗ ಶಿಕ್ಷೆ ಜೀವಾವಧಿಗೆ ಇಳಿಯಿತು. ಲೇಖಕ ಆರ್ಥರ್ ಕಾನನ್ ಡಾಯ್ಲ್ ಮೊದಲಾದವರು ಅವನ ಪರವಾಗಿ ಹೋರಾಡಿದರು. ಸೆರೆಮನೆಯಿಂದ ಅವನು ಹೊರಬಂದದ್ದು 1927ರಲ್ಲಿ. ತೀರ್ಪು ರದ್ದಾದದ್ದು 1928ರಲ್ಲಿ. ಅವನ ನಡತೆ ಒಳ್ಳೆಯದಲ್ಲವಾದ ಕಾರಣ, ನಿರಪರಾಧಿ ಎಂಬ ಭಾವನೆಯ ರಕ್ಷಣೆ ಇತರರಿಗೆ ಸಲ್ಲುವಂತೆ ಅವನಿಗೆ ಸಲ್ಲದೆಂದು ನ್ಯಾಯಾಧೀಶರು ಪಂಚರಿಗೆ ಹೇಳಿದ್ದೇ ತಪ್ಪೆಂದು ಮೇಲಿನ ನ್ಯಾಯಾಲಯ ಕಂಡುಕೊಂಡಿತು.

ಇಂಥ ತಪ್ಪುಗಳನ್ನು ತಡೆಯಲೆಂದೇ ನ್ಯಾಯಾಲಯಗಳು ತೂಗುವುದಕ್ಕೊಂದು ಕ್ರಮವನ್ನು ಇರಿಸಿಕೊಂಡಿವೆ. ನಮ್ಮ ದೇಶದಲ್ಲಿ 1872ರ ಸಾಕ್ಷ್ಯ ಅಧಿನಿಯಮವಾಗಲಿ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವಾಗಲಿ, ಸಾಕ್ಷಿಗಳು ಇಷ್ಟೇ ಮಂದಿ ಇರಬೇಕೆಂದು ವಿಧಿಸುವುದಿಲ್ಲ. ಸಾಕ್ಷಿಗಳನ್ನು ಎಣಿಸಬಾರದು, ತೂಗಬೇಕು. ಪೂರ್ಣವಾಗಿ ನಂಬಬಹುದಾದವರು, ನಂಬಲೇಬಾರದವರು, ಇವರಿಬ್ಬರ ನಡುವಿನವರು ಎಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಮೊದಲ ಬಗೆಯವನಾದರೆ ಒಬ್ಬನ ಮಾತೇ ಸಾಕು. ನಡುವಿನವನಾದರೆ ಬೇರೆ ಆಧಾರದ ಬೆಂಬಲ ಬೇಕು.

‘ಬೇರೆಡೆ ಇದ್ದೆ’ ಎನ್ನುವವನು ಅದನ್ನು ಸಾಬೀತುಪಡಿಸಬೇಕು. ಆ ಹೊತ್ತಿಗೆ ಅವನು ಕೊಲೆಯ ಸ್ಥಳದಲ್ಲಿರುವುದು ಅಸಾಧ್ಯವೆಂದು ತೋರಬೇಕು. ಆದರೆ ಅದಕ್ಕೂ ಮೊದಲು ಆರೋಪ ಹೊರಿಸಿದವರು ತಮ್ಮ ಹೊಣೆಯನ್ನು ತೀರಿಸಿರಬೇಕು. ಅಲಿಬಿ ಸೋತಿತೆಂಬ ಮಾತ್ರಕ್ಕೆ ಆರೋಪ ಗೆಲ್ಲುವುದಿಲ್ಲ. ಅಲಿಬಿ ಪೂರ್ಣವಾಗಿ ಸಾಬೀತಾಗದಿದ್ದರೂ ನ್ಯಾಯವಾದ ಸಂಶಯವನ್ನು ಹುಟ್ಟಿಸಿದರೆ, ಆ ಸಂಶಯದ ಲಾಭ ಆರೋಪಿಗೇ ಸಲ್ಲುತ್ತದೆ. ಆರೋಪಿಯ ಪರ ಸಾಕ್ಷಿಗಳನ್ನೂ ಎದುರುಪಕ್ಷದ ಸಾಕ್ಷಿಗಳಂತೆಯೇ ಸಮಾನವಾಗಿ ಕಾಣಬೇಕೆಂದು 1981ರಲ್ಲಿ ಅದೇ ನ್ಯಾಯಾಲಯ ಹೇಳಿತು. ಈ ಮಾತು ಮುಖ್ಯವಾದುದು. ಸಿರಿವಂತನ ಬಳಿ ವಿಮಾನದ ಟಿಕೇಟು, ಹೋಟೆಲಿನ ರಸೀದಿ ಇದ್ದೀತು. ದುಡಿದು ಬಂದು ಮನೆಯಲ್ಲಿ ಮಲಗಿದ ಬಡವನಿಗೆ ಹೆಂಡತಿ, ತಾಯಿ, ನೆರೆಯವರನ್ನು ಬಿಟ್ಟರೆ ಬೇರೆ ಸಾಕ್ಷಿ ಎಲ್ಲಿಯದು?

ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಪ್ರಸಂಗವನ್ನು ನೀವು ಓದಿದ್ದೀರಿ. ಅದು ಕೊಲೆಯ ಪ್ರಕರಣವಲ್ಲ. ಆದರೂ ಆಕೆಗೆ ಎದುರಾಗಿದ್ದುದು ಮರಣದಂಡನೆಯೇ. ದಾನಿಯೇಲನು ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದ. ಇಬ್ಬರೂ ಬೇರೆ ಬೇರೆ ಮರಗಳನ್ನು ಹೆಸರಿಸಿ ಸಿಕ್ಕಿಬಿದ್ದರು. ಅವರು ಬೇಕೆಂದೇ ಸುಳ್ಳಾಡಿದವರು. ಇದಕ್ಕಿಂತ ಕಠಿಣವಾದುದು ಸುಳ್ಳಾಡುವ ಉದ್ದೇಶವೇ ಇಲ್ಲದೆ ತಪ್ಪಿದವನ ಸ್ಥಿತಿ. ಅವನು ಸುಳ್ಳುಸಾಕ್ಷಿಯಲ್ಲ, ಆದರೂ ಅವನ ಮಾತಿನಿಂದ ನಿರಪರಾಧಿಯೊಬ್ಬ ಗಲ್ಲಿಗೆ ಹೋಗಬಹುದು. ಹಾಗಾದರೆ ಅವನಿಗೆ ಹೊಣೆಯೇ ಇಲ್ಲವೇ?

ಇದೆ ಎಂದೇ ನನ್ನ ಭಾವನೆ. ಕಣ್ಣು ತಪ್ಪುವುದು ಪಾಪವಲ್ಲ. ಆದರೆ ‘ಅವನಂತೆ ಕಂಡಿತು’ ಎಂಬಷ್ಟೇ ತಿಳಿದಿದ್ದು ‘ಅವನೇ’ ಎಂದು ನುಡಿದಾಗ, ತಿಳಿದುದನ್ನು ಮೀರಿದ ಖಚಿತತೆಯನ್ನು ನಾವೇ ಸೇರಿಸುತ್ತೇವೆ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆ ನಮ್ಮ ನಾಲಗೆಯನ್ನು ಮಾತ್ರವಲ್ಲ, ನಮ್ಮ ಆತುರವನ್ನೂ ತಡೆಯುತ್ತದೆ. ನ್ಯಾಯಾಲಯದ ಕಟಕಟೆ ಹತ್ತುವ ಪ್ರಸಂಗ ನಮ್ಮಲ್ಲಿ ಹೆಚ್ಚಿನವರಿಗೆ ಬಾರದು. ಆದರೆ ನೆರೆಯವರ ಮಗನನ್ನು ಕುರಿತು, ಕಛೇರಿಯ ಸಹೋದ್ಯೋಗಿಯನ್ನು ಕುರಿತು, ಊರಿಗೆ ಹೊಸದಾಗಿ ಬಂದ ಪರಕೀಯನನ್ನು ಕುರಿತು ನಾವು ದಿನವೂ ಸಾಕ್ಷಿ ನುಡಿಯುತ್ತೇವೆ. ಅಲ್ಲಿ ಪಾಟೀಸವಾಲು ಹಾಕುವವರಾರೂ ಇಲ್ಲ. ಆ ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ನಾನು ನಿಜವಾಗಿ ಕಂಡದ್ದೆಷ್ಟು? ಇತರರಿಂದ ಕೇಳಿ ಸೇರಿಸಿಕೊಂಡದ್ದೆಷ್ಟು? ‘ನಾನು ಅಲ್ಲಿರಲಿಲ್ಲ’ ಎಂದು ಅವನು ಹೇಳಿದಾಗ ಆ ಮಾತಿಗೆ ಕಿವಿಗೊಟ್ಟೆನೇ?