ಅವಧಿ ಮುಗಿಯದ ಕಾಗದ

2022ರ ಜನವರಿಯಲ್ಲಿ ಅಮೆರಿಕದ ಡೆಲ್ಟಾ ಏರ್‌ಲೈನ್ಸ್, ಪೈಲಟ್ ಹುದ್ದೆಗೆ ನಾಲ್ಕು ವರ್ಷದ ಕಾಲೇಜು ಪದವಿ ಇರಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು. ಕೋವಿಡ್ ಇಳಿಮುಖವಾಗಿ ಪೈಲಟ್‌ಗಳ ಕೊರತೆ ಕಾಡುತ್ತಿದ್ದ ಹೊತ್ತು ಅದು. ಜನ ಸಿಗದಾಗ ಬಿಟ್ಟುಕೊಡಬಹುದಾದ ಷರತ್ತು ಜನ ಸಿಗುತ್ತಿದ್ದಾಗ ಯಾಕೆ ಬೇಕಿತ್ತು? ಪ್ರಯಾಣಿಕರ ಪ್ರಾಣಕ್ಕೂ ಅದಕ್ಕೂ ನಂಟಿದ್ದರೆ ಎಷ್ಟೇ ಕೊರತೆ ಬಂದರೂ ಬಿಡಬಾರದಿತ್ತು. ನಂಟಿಲ್ಲವೆಂದಾದರೆ, ಪದವಿಯಿಲ್ಲವೆಂಬ ಒಂದೇ ಕಾರಣಕ್ಕೆ ಅಷ್ಟು ವರ್ಷ ಬಾಗಿಲಾಚೆ ಉಳಿದವರಿಗೆ ಅನ್ಯಾಯವಾಗಿದೆ.

ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಇಂಥ ಷರತ್ತು ಹಾಕಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 18 ವರ್ಷ ವಯಸ್ಸು, ವೈದ್ಯಕೀಯ ಅರ್ಹತೆ, 200 ಗಂಟೆಗಳ ಹಾರಾಟ, ಜೊತೆಗೆ ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳಂಥ ಪರೀಕ್ಷೆಗಳು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಮುಖ್ಯವಾಗಿ ಕೇಳುವುದು ಇಷ್ಟನ್ನೇ. ಷರತ್ತು ಇರುವುದು ನಮ್ಮ ಮನೆಗಳಲ್ಲಿ: “ಮೊದಲು ಒಂದು ಡಿಗ್ರಿ ಮುಗಿಸ್ಕೋ, ಆಮೇಲೆ ನೋಡೋಣ.”

1929ರಲ್ಲಿ ಭಾರತದಲ್ಲಿ ಮೊದಲ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ ಪದವೀಧರರಾಗಿರಲಿಲ್ಲ. ಆದರೂ ಅವರನ್ನು ನನ್ನ ವಾದಕ್ಕೆ ಎಳೆದು ತರಲಾರೆ. ಅಂಥ ಮನೆತನದ ಮಗನಿಗೆ ಪದವಿ ಬೇಕಾಗಲಿಲ್ಲ ಎಂಬುದರಿಂದ ಸಾಲ ಮಾಡಿ ಕಲಿಯುವ ಹುಡುಗಿಗೆ ಯಾವ ದಾರಿಯೂ ಕಾಣುವುದಿಲ್ಲ.

ನನ್ನ ವಾದ ಕಾಲಕ್ಕೆ ಸಂಬಂಧಿಸಿದ್ದು. ಪದವಿಗೆ ಅವಧಿ ಮುಗಿಯುವುದಿಲ್ಲ. ಇಪ್ಪತ್ತೊಂದರಲ್ಲಿ ಪಡೆದದ್ದು ಅರವತ್ತರಲ್ಲೂ ಗೋಡೆಯ ಮೇಲಿರುತ್ತದೆ, ಒಳಗಿನ ಪಾಠ ಮರೆತುಹೋಗಿದ್ದರೂ. ಪೈಲಟ್‌ನ ಅರಿವಿಗೆ ಆ ಭಾಗ್ಯವಿಲ್ಲ. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಕೂತು, ಟೇಕಾಫ್ ಹೊತ್ತಿಗೇ ಎಂಜಿನ್ ಕೈಕೊಟ್ಟರೆ ಏನು ಮಾಡುತ್ತೀಯ ಎಂಬುದಕ್ಕೆ ಕೈಯಿಂದಲೇ ಉತ್ತರ ಕೊಡಬೇಕು. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಆದರೂ ಅಷ್ಟೇ. ಬಳಸದಿದ್ದರೆ ಬತ್ತುವ ಅರಿವು ಅದು. ಅದನ್ನು ಎಂದೂ ಬತ್ತದ ಕಾಗದದಿಂದ ಅಳೆಯಹೊರಟರೆ ಅಳತೆಗೋಲೇ ತಪ್ಪಾಗುತ್ತದೆ.

ಎದುರು ವಾದಕ್ಕೂ ತೂಕವಿದೆ. ಕಾಲೇಜು ಪ್ರಶ್ನೆ ಕೇಳುವುದನ್ನು ಕಲಿಸುತ್ತದೆ, ಅದು ಕಾಕ್‌ಪಿಟ್‌ನಲ್ಲೂ ಬೇಕು ಎನ್ನುತ್ತಾರೆ. ಬೇಕೇ ಬೇಕು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಒಂದರ ಎರಡೂ ಎಂಜಿನ್‌ಗಳು ಇಂಧನವಿಲ್ಲದೆ ಆಕಾಶದಲ್ಲೇ ನಿಂತವು. ಇಂಧನದ ಗೇಜ್ ಕೆಟ್ಟಿತ್ತು, ಲೆಕ್ಕವನ್ನು ಕೈಯಲ್ಲೇ ಮಾಡಬೇಕಿತ್ತು. ಹೊಸ ವಿಮಾನ ಕಿಲೋಗ್ರಾಂ ಕೇಳುತ್ತಿತ್ತು. ನೆಲದ ಸಿಬ್ಬಂದಿಯೂ ಪೈಲಟ್‌ಗಳೂ ಲೀಟರ್ ಅನ್ನು 1.77ರಿಂದ ಗುಣಿಸಿದರು. ಅದು ಪೌಂಡಿನ ಅಂಕಿ. ಕಿಲೋಗ್ರಾಂಗೆ ಸುಮಾರು 0.8 ಆಗಬೇಕಿತ್ತು. ಬೇಕಾದ 22,300 ಕಿಲೋಗ್ರಾಂನಲ್ಲಿ ಅರ್ಧದಷ್ಟೂ ತೊಟ್ಟಿಯಲ್ಲಿರಲಿಲ್ಲ. ಹೈಸ್ಕೂಲಿನ ಲೆಕ್ಕ! ‘ಈ 1.77 ಯಾವ ಮಾನದ್ದು?’ ಎಂದು ಒಬ್ಬರು ಕೇಳಿದ್ದರೆ ಸಾಕಿತ್ತು. ಕೊನೆಗೆ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಆ ಭಾರೀ ವಿಮಾನವನ್ನು ಓರೆಯಾಗಿ ಜಾರಿಸಿ ಎತ್ತರ ಕಳೆದು, ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಆ ವಿದ್ಯೆ ಅವರ ಕೈಗೆ ಬಂದದ್ದು ಗ್ಲೈಡರ್ ಹಾರಿಸುವ ಹವ್ಯಾಸದಿಂದ.

ಮಾನ ಯಾವುದೆಂದು ಕೇಳುವ ಅಭ್ಯಾಸ ಕಾಲೇಜಿನಲ್ಲಿ ಬೆಳೆಯಬಹುದು. ಬೆಳೆದಿದೆ ಎಂದು ಪದವಿಪತ್ರ ಹೇಳಲಾರದು. ಗೈಡ್ ಬಾಯಿಪಾಠ ಮಾಡಿ ಪಾಸಾದವರು ನಮ್ಮ ನಡುವೆ ಎಷ್ಟಿಲ್ಲ? ಆ ಗುಣವೇ ಬೇಕಿದ್ದರೆ ಅದನ್ನೇ ನೇರವಾಗಿ ಪರೀಕ್ಷಿಸಬೇಕು.

ಹಾಗಾದರೆ ‘ಮೊದಲು ಡಿಗ್ರಿ’ ಎನ್ನುವ ಅಪ್ಪ ಅಮ್ಮನ ಭಯ ಸುಳ್ಳೇ? ಅದನ್ನು ಮಾತ್ರ ನಾನು ತಳ್ಳಿಹಾಕಲಾರೆ. ಲಕ್ಷಗಟ್ಟಲೆ ಸಾಲ ಮಾಡಿ ಪಡೆದ ಲೈಸೆನ್ಸ್ ಒಂದು ಇಸಿಜಿಯ ಗೆರೆಯಿಂದ ನಿಷ್ಪ್ರಯೋಜಕವಾಗಬಹುದು. ಮೂವತ್ತೈದರಲ್ಲಿ ಹಾರಾಟ ನಿಂತವನ ಕೈಯಲ್ಲಿ ಬೇರೊಂದು ವಿದ್ಯೆ ಇರಲಿ ಎಂದು ಬಯಸುವುದು ಪ್ರೀತಿಯ ಮಾತು. ಆದರೆ ಅದು ಬದುಕಿಗೆ ಬೇಕಾದ ಆಸರೆ. ಅದನ್ನು ವಿಮಾನ ಏರುವ ಮೊದಲ ಮೆಟ್ಟಿಲಾಗಿಸಿ ಮೂರು ವರ್ಷ ಕಾಯಿಸಬೇಕಿಲ್ಲ. ಹಾರಾಟ ಕಲಿಯುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಗೆ ಹೆಸರು ಬರೆಸಬಹುದು.

ಪಿಯುಸಿ ಮುಗಿದ ಮನೆಯಲ್ಲಿ ಈ ಚರ್ಚೆ ನಡೆಯುತ್ತಿದ್ದರೆ, ತರಬೇತಿ ಶಾಲೆಗೆ ಒಂದು ರೂಪಾಯಿ ಕಟ್ಟುವ ಮುನ್ನವೇ ಡಿಜಿಸಿಎ ವೈದ್ಯಕೀಯ ಪರೀಕ್ಷೆಗೆ ಹೋಗಿಬನ್ನಿ. ಕಣ್ಣು, ಕಿವಿ, ಹೃದಯ ಏನು ಹೇಳುತ್ತವೋ ಕೇಳಿಸಿಕೊಂಡು ಬಂದ ಮೇಲೆ ಪದವಿಯ ಮಾತು ಎತ್ತಿ.