ದಿಣ್ಣೆ ಮೇಲಿನ ಊರು

ನಾಗಮಂಗಲ ತಾಲ್ಲೂಕಿನ ನಮ್ಮೂರಿಗೆ ನಾಲೆ ನೀರು ಯಾಕೆ ಬರಲಿಲ್ಲ ಅಂತ ಚಿಕ್ಕಂದಿನಲ್ಲಿ ಕೇಳಿದಾಗೆಲ್ಲ ದೊಡ್ಡಪ್ಪ ಒಂದೇ ಉತ್ತರ ಕೊಡೋರು: "ನಾವು ದಿಣ್ಣೆ ಮ್ಯಾಲಿದ್ದೀವಿ ಕಣ್ಲಾ. ನೀರು ದಿಣ್ಣೆ ಹತ್ತಕಿಲ್ಲ."

ಅಮ್ಮನ ತವರು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೆಳಗೆ. ಅಲ್ಲಿ ಭತ್ತ, ಕಬ್ಬು, ಆಲೆಮನೆಯ ಬಿಸಿ ಬೆಲ್ಲ. ಇಲ್ಲಿ ರಾಗಿ, ಹುರುಳಿ, ಮೋಡ ನೋಡ್ಕೊಂಡು ಕೂರೋದು. ನಮ್ಮ ಮನೆಗೆ ಹೆಣ್ಣು ಕೊಡುವ ಮುಂಚೆ ಅಮ್ಮನ ಕಡೆಯವರು ಎರಡು ಸಲ ಯೋಚಿಸಿದ್ದರಂತೆ. ಆದರೆ ದೊಡ್ಡಪ್ಪನ ಮಾತಲ್ಲಿ ದೂರು ಇರುತ್ತಿರಲಿಲ್ಲ. ಸರ್ಕಾರ ಮೋಸ ಮಾಡಿದರೆ ಬೈಯಬಹುದು, ಇಳಿಜಾರನ್ನು ಯಾರು ಬೈತಾರೆ? ಎತ್ತರ ಅಂದ್ರೆ ಹಣೆಬರಹ, ಅಷ್ಟೇ.

ಆ ಹಣೆಬರಹವನ್ನು ಅಂಕಿಗಳಲ್ಲಿ ನೋಡಿದ್ದು ಇತ್ತೀಚೆಗೆ. ಒಂದು ಶನಿವಾರ ಲ್ಯಾಪ್‌ಟಾಪಿಗೆ ಕ್ಯೂಜಿಐಎಸ್ ಹಾಕಿಕೊಂಡೆ. ನಕ್ಷೆ ಮಾಡುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಜೊತೆಗೆ ನೆಲದ ಎತ್ತರದ ಫೈಲೊಂದನ್ನು ಇಳಿಸಿಕೊಂಡೆ. ಉಪಗ್ರಹದ ಚಿತ್ರ ಅಂತ ಸಲೀಸಾಗಿ ಕರೀತೀವಿ, ಅಸಲಿಗೆ ಅದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳು ಚಾಚಿಕೊಂಡು, 11 ದಿನ ಭೂಮಿ ಸುತ್ತಿ, ರೇಡಾರ್‌ನಲ್ಲಿ ಅಳೆದದ್ದು. ಸುಮಾರು 30 ಮೀಟರ್ ಅಗಲದ ಒಂದೊಂದು ಚೌಕಕ್ಕೂ ಒಂದು ಅಂಕಿ: ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನೋದು. ಅಕ್ಷಾಂಶ 12, ರೇಖಾಂಶ 76ರ ಒಂದೇ ಫೈಲಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ಊರು ಕೂತಿವೆ. ಒಟ್ಟು ಒಂದು ಕೋಟಿ ಮೂವತ್ತು ಲಕ್ಷದಷ್ಟು ಅಂಕಿ. ಅದರಲ್ಲೆಲ್ಲೋ ನಮ್ಮ ಹೊಲವೂ ಇದೆ.

ಮೊದಲ ಅರ್ಧ ಗಂಟೆ ಬರೀ ಮಜಾ. ಬಣ್ಣ ಹಚ್ಚಿ, ನೆರಳು ಬೀಳಿಸಿದ ಕೂಡಲೇ ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆಯ ಸಾಲು ಎದ್ದು ನಿಂತವು. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ತೊಣ್ಣೂರು ಕೆರೆ ಮಾಡಿದ ಪುಣ್ಯಾತ್ಮರು ಯಾವ ರೇಡಾರೂ ಇಲ್ಲದೆ ಜಾಗವನ್ನು ಎಷ್ಟು ಸರಿಯಾಗಿ ಹಿಡಿದಿದ್ದಾರೆ ಅಂತ ನೋಡುತ್ತಾ ಕೂತೆ.

ಆಮೇಲೆ ದೊಡ್ಡಪ್ಪನ ಮಾತನ್ನು ಪರೀಕ್ಷೆ ಮಾಡೋಣ ಅನ್ನಿಸಿತು. ಕೆಆರ್‌ಎಸ್ ತುಂಬಿದಾಗ, ಅಂದರೆ ನಮಗೆಲ್ಲ ಬಾಯಿಪಾಠವಾಗಿರುವ ಆ 124.80 ಅಡಿ ಬಂದಾಗ, ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 752 ಮೀಟರ್. ಅದಕ್ಕಿಂತ ತಗ್ಗಿರುವ ನೆಲವನ್ನೆಲ್ಲ ನೀಲಿ ಮಾಡು, ಮೇಲಿರುವುದನ್ನು ಕಂದು ಮಾಡು ಅಂದೆ. ಇದೇನು ಎಂಜಿನಿಯರ್ ಲೆಕ್ಕ ಅಲ್ಲ, ನಾಲೆ ಹೊರಡೋದು ಇನ್ನೂ ಕೆಳಗಿನಿಂದ. ಆದರೂ ಚಿತ್ರ ಸ್ಪಷ್ಟವಾಗಿತ್ತು. ಶ್ರೀರಂಗಪಟ್ಟಣ ಪೂರ್ತಿ ನೀಲಿ. ಪಾಂಡವಪುರ ಪಟ್ಟಣ ನೀಲಿ, ಅದೇ ತಾಲ್ಲೂಕಿನ ಮೇಲುಕೋಟೆ ಕಂದು. ಕೆ.ಆರ್.ಪೇಟೆ ಕಂದು. ನಾಗಮಂಗಲ, ಸುಮಾರು 770 ಮೀಟರ್, ಕಂದು. ಶ್ರೀರಂಗಪಟ್ಟಣಕ್ಕೂ ನಾಗಮಂಗಲಕ್ಕೂ ಇರುವ ವ್ಯತ್ಯಾಸ 90 ಮೀಟರ್ ಆಸುಪಾಸು, ಈಗಿನ ಮೂವತ್ತು ಮಹಡಿಯ ಒಂದು ಅಪಾರ್ಟ್‌ಮೆಂಟಿನಷ್ಟು. ದೊಡ್ಡಪ್ಪ ಹೇಳಿದ್ದು ನಿಜ. ಒಂಥರಾ ಸಮಾಧಾನವೂ ಆಯ್ತು. ಯಾರದ್ದೂ ತಪ್ಪಿಲ್ಲ.

ಆದರೆ ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ನೀಲಿ ಭಾಗವನ್ನೇ ಸ್ವಲ್ಪ ಜೂಮ್ ಮಾಡಿದರೆ, ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆ ಹತ್ತಿರ ದಿಣ್ಣೆ ಅಡ್ಡ ಬಂದಿದೆ. ಅಲ್ಲಿ ಯಾರೂ 'ಹಣೆಬರಹ' ಅಂತ ವಾಪಸ್ ಹೋಗಲಿಲ್ಲ, ಸುರಂಗ ಕೊರೆದರು. ಇನ್ನೊಂದು ಅಂಕಿ ಹೇಮಾವತಿಯದು. ಗೊರೂರಿನ ಅಣೆಕಟ್ಟೆಯ ಪೂರ್ಣ ಮಟ್ಟ 2922 ಅಡಿ, ಅಂದರೆ ಸುಮಾರು 890 ಮೀಟರ್. ಬಣ್ಣದ ಗೆರೆಯನ್ನು 752ರಿಂದ 890ಕ್ಕೆ ಸರಿಸಿ ನೋಡಿ: ಕೆ.ಆರ್.ಪೇಟೆ, ನಾಗಮಂಗಲ, ಎರಡೂ ಪಟ್ಟಣ ನೀಲಿ. ನೆಲ ಒಂದಿಂಚೂ ಅಲುಗಾಡಿಲ್ಲ. ಕೆಆರ್‌ಎಸ್ ಲೆಕ್ಕದಲ್ಲಿ ದಿಣ್ಣೆಯಾಗಿದ್ದ ಊರು ಗೊರೂರಿನ ಲೆಕ್ಕದಲ್ಲಿ ತಗ್ಗು. ಹೇಮಾವತಿಯ ನಾಲೆಗಳು ಈ ಎರಡು ತಾಲ್ಲೂಕುಗಳ ಒಂದಷ್ಟು ಊರಿಗೆ ಬಂದಿರುವುದೂ ಹೀಗೇ. ಹಾಗಾದರೆ 'ನಾವು ಎತ್ತರದಲ್ಲಿದ್ದೀವಿ' ಅನ್ನೋದು ನೆಲದ ಬಗ್ಗೆ ಹೇಳುವ ಮಾತೋ, ಅಣೆಕಟ್ಟೆ ಎಲ್ಲಿ ಕಟ್ಟಬೇಕು ಅಂತ ಯಾರೋ ತೀರ್ಮಾನ ಮಾಡಿದ್ದರ ಬಗ್ಗೆ ಹೇಳುವ ಮಾತೋ?

ನಾನು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಕ್ಕದ ಫೈಲನ್ನೂ ಇಳಿಸಿದೆ, ರೇಖಾಂಶ 77. ಅದರ ಪಶ್ಚಿಮದ ಅಂಚಿನ ಕಡೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ಉತ್ತರದ ಅಂಚಿನಲ್ಲಿ ಬೆಂಗಳೂರು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಬರತೊಡಗಿದ್ದು 1974ರಲ್ಲಿ. ಐದನೇ ಹಂತ 2024ರಲ್ಲಿ ಉದ್ಘಾಟನೆಯಾಯ್ತು. ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿ ಅಂತ ನಡುನಡುವೆ ಮತ್ತೆ ಮತ್ತೆ ಪಂಪ್ ಮಾಡಿ, ಹೆಚ್ಚೂಕಮ್ಮಿ ಮುನ್ನೂರು ಮೀಟರ್ ಮೇಲಕ್ಕೆ. ಮಂಡ್ಯ ಜಿಲ್ಲೆಯಿಂದಲೇ ಹೊರಡುವ ನೀರು. ನಮ್ಮ ಬಡಾವಣೆ ಇರೋದು 900 ಮೀಟರಿಗೂ ಮೇಲೆ. ಅಲ್ಲಿಂದ ನಮ್ಮ ಬಿಲ್ಡಿಂಗಿನ ಮೋಟರ್ ಅದನ್ನ ಮತ್ತೆ ಏಳನೇ ಮಹಡಿಗೆ ಎತ್ತುತ್ತೆ. ನೀರು ದಿಣ್ಣೆ ಹತ್ತಕಿಲ್ಲ ಅಂದವರ ಮಗನ ಮನೆಯಲ್ಲಿ ನೀರು ದಿನಾ ದಿಣ್ಣೆ ಹತ್ತುತ್ತಿದೆ.

ಇದಕ್ಕೆ ಉತ್ತರ ಇಲ್ಲ ಅಂತಲ್ಲ. ಕುಡಿಯುವ ನೀರೇ ಬೇರೆ, ಗದ್ದೆಗೆ ಬಿಡುವ ನೀರೇ ಬೇರೆ. ಕೋಟಿ ಜನರ ಬಾಯಾರಿಕೆಗೆ ಪಂಪ್ ಹಾಕೋದು ನ್ಯಾಯ, ಹುರುಳಿ ಹೊಲಕ್ಕೆ ಕಬ್ಬು ತರಲು ಪಂಪ್ ಹಾಕೋದು ದಂಡ ಅಂತ ವಾದಿಸಬಹುದು. ನಾನೂ ಬಹುಶಃ ಹಾಗೇ ವಾದಿಸ್ತೀನಿ. ಆದರೆ ಹಾಗೆ ವಾದ ಶುರು ಮಾಡಿದ ತಕ್ಷಣ ಇಳಿಜಾರು ಪಕ್ಕಕ್ಕೆ ಸರಿದುಬಿಡುತ್ತೆ. ಇಳಿಜಾರು ಯಾವತ್ತೂ 'ಆಗಲ್ಲ' ಅಂದಿರಲೇ ಇಲ್ಲ, 'ಇಷ್ಟು ಖರ್ಚಾಗುತ್ತೆ' ಅಂತಷ್ಟೇ ಅಂದಿತ್ತು. ಆ ಖರ್ಚಿಗೆ ಯಾರು ಯೋಗ್ಯರು ಅನ್ನೋದನ್ನ ತೀರ್ಮಾನ ಮಾಡಿದ್ದು ಜನ. ಆ ತೀರ್ಮಾನ ಸರಿಯಿರಬಹುದು. ದೊಡ್ಡಪ್ಪನಿಗೆ ಅದನ್ನ ತೀರ್ಮಾನ ಅಂತ ಹೇಳದೆ ದಿಣ್ಣೆ ಅಂತ ಹೇಳಿದ್ದು ಮಾತ್ರ ನನಗೆ ಚುಚ್ಚುತ್ತೆ. ತೀರ್ಮಾನ ಅಂತ ಗೊತ್ತಿದ್ದಿದ್ದರೆ ಅವರು ಕಡೇಪಕ್ಷ ಜಗಳವಾದರೂ ಆಡ್ತಿದ್ದರು.

ಹಾಗಂತ ನನ್ನ ಪರದೆಯ ಚಿತ್ರವೂ ಹರಿಶ್ಚಂದ್ರ ಅಲ್ಲ. ಕೆಆರ್‌ಎಸ್ ಜಲಾಶಯದ ಮೇಲೆ ಕರ್ಸರ್ ಇಟ್ಟು ಎಷ್ಟು ದೂರ ಎಳೆದರೂ ಒಂದೇ ಅಂಕಿ ಬರುತ್ತೆ. ರೇಡಾರ್ ನೀರಿನ ಒಳಗೆ ಇಣುಕಲ್ಲ. ಸಾಲದ್ದಕ್ಕೆ ಫೈಲ್ ತಯಾರಿಸಿದವರು ಕೆರೆ, ಜಲಾಶಯಗಳನ್ನೆಲ್ಲ ತಟ್ಟೆಯ ಹಾಗೆ ಸಪಾಟು ಮಾಡಿದ್ದಾರೆ. ಆ ತಟ್ಟೆಯ ಕೆಳಗೆ ಹಳೇ ಕನ್ನಂಬಾಡಿ ಇದೆ. 1911ರಲ್ಲಿ ಶುರುವಾದ ಕಟ್ಟೆಗಾಗಿ ಮನೆ ಬಿಟ್ಟವರ ಬೀದಿಗಳಿವೆ. ಅವರ ನೆಲ ತಗ್ಗಿನಲ್ಲಿತ್ತು, ಅದೇ ಅವರ ತಪ್ಪು. ಎತ್ತರದವರಿಗೆ ನೀರಿಲ್ಲ, ತೀರಾ ತಗ್ಗಿನವರಿಗೆ ನೆಲವೇ ಇಲ್ಲ, ಮಧ್ಯದಲ್ಲಿದ್ದ ಅಮ್ಮನ ತವರಿಗೆ ಬೆಲ್ಲ. ಆ ಬೆಲ್ಲ ತಿಂದುಕೊಂಡೇ ನಾನು ಬೇಸಿಗೆ ರಜೆಗಳನ್ನು ಕಳೆದಿದ್ದು. ಕನ್ನಂಬಾಡಿಯವರಿಗೆ ನಾನೇನಾದರೂ ಕೊಡಬೇಕಾ? ಕೊಡಬೇಕು ಅಂದರೆ ಯಾರ ಕೈಗೆ? ಇದನ್ನ ಬರೆಯುತ್ತಿರುವಾಗಲೂ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ವಿಷಯ. ಈ ರೇಡಾರ್ ಅಳತೆಗೆ ಇಟ್ಟುಕೊಂಡಿದ್ದ ಗುರಿಯೇ 16 ಮೀಟರ್ ಆಚೀಚೆ ಆದರೂ ಪರವಾಗಿಲ್ಲ ಅನ್ನೋದು. ಬಹಳ ಕಡೆ ಅದಕ್ಕಿಂತ ಚೆನ್ನಾಗಿಯೇ ಬಂದಿದೆ, ಆದರೂ ತೆಂಗಿನ ತೋಟ ಇದ್ದಲ್ಲಿ ನೆಲದ ಬದಲು ಗರಿಗಳ ಎತ್ತರ ಸೇರಿಕೊಂಡಿರಬಹುದು. ನಾಲೆಯ ವಿಷಯದಲ್ಲಿ ಎರಡು ಮೀಟರ್ ಸಾಕು: ನಾಲೆಯ ಈಚೆಯವನು ಗದ್ದೆಯವನು, ಆಚೆಯವನು ಹೊಲದವನು. ಒಬ್ಬ ಮನುಷ್ಯನ ಬದುಕನ್ನು ಬದಲಿಸಿದ ಎತ್ತರ ಈ ಚಿತ್ರದಲ್ಲಿ ಅಳತೆಯ ತಪ್ಪಿನೊಳಗೇ ಮುಳುಗಿಹೋಗುತ್ತೆ. ಮೇಲಿನಿಂದ ನೋಡುವವರಿಗೆ ಇದು ಹೊಸದಲ್ಲ ಬಿಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಗೆದ್ದವರಿಗೆ ಮೊದಲು ಬೇಕಾಗೋದು ನಕ್ಷೆ. ಆ ನಕ್ಷೆಯಲ್ಲಿರುವ ಯಾರೂ ಅದನ್ನು ಕೇಳಿರಲಿಲ್ಲ.

ಭಾನುವಾರ ಊರಿಗೆ ಫೋನ್ ಮಾಡಿ, ಕಂಪ್ಯೂಟರಲ್ಲಿ ನಮ್ಮ ಹೊಲ ನೋಡಿದೆ ಅಂತ ದೊಡ್ಡಪ್ಪನಿಗೆ ಹೇಳಿದೆ.

"ಎಷ್ಟ್ ಎತ್ತರ ಅದೆ?"

"781 ಮೀಟರ್ ತೋರಿಸ್ತಿದೆ ದೊಡ್ಡಪ್ಪ."

"ನಿನ್ ಮನೆ?"

"912."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಹಸು ಕೂಗಿದ್ದು ಕೇಳಿಸಿತು.

"ನೀರು ಬತ್ತದಾ?"

"ಬರುತ್ತೆ ದೊಡ್ಡಪ್ಪ. ದಿನ ಬಿಟ್ಟು ದಿನ."

"ಹೂಂ," ಅಂದರು. ಆಮೇಲೆ, ಈ ಸಲ ರಾಗಿ ಚೆನ್ನಾಗಿ ಆಗದೆ, ಬಂದಾಗ ಒಂದು ಮೂಟೆ ತಗೊಂಡೋಗು ಅಂದರು.